ನೆಂಟರು ಬಂದಿದ್ದರು

ಮಾರ್ಚ್ ೧೭, ಭಾನುವಾರ

ನನ್ನ ಪಿಟೀಲಿಗೆ,

ಅಮ್ಮನ ಆಶೀರ್ವಾದಗಳು. ನೀನು ಆರೋಗ್ಯವಾಗಿದ್ದೀಯೆಂದು ನಂಬಿಕೊಂಡೇ ಶುರು ಮಾಡುತ್ತಿದ್ದೇನೆ. ಪತ್ರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಆಸ್ಪತ್ರೆಯಿಂದ ಮನೆಗೆ ಬಂದ ಮಾರನೆಯ ದಿನವೇ ಬರೆಯಬೇಕೆಂದಿದ್ದೆ. ಆದರೆ ಬಲಗೈ ಇನ್ನೂ ನನ್ನ ಮಾತು ಪೂರ್ತಿ ಕೇಳುತ್ತಿಲ್ಲ. ಪೆನ್ನು ಹಿಡಿ ಅಂದರೆ ಹಿಡಿಯುತ್ತದೆ, ಬಿಡು ಅಂದರೆ ಬಿಡುವುದಿಲ್ಲ. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಚಿಕ್ಕಂದಿನಲ್ಲಿ ನಿನ್ನ ಕಾಪಿ ಪುಸ್ತಕ ನೋಡಿ ಬೈದದ್ದೆಲ್ಲ ಈಗ ನನಗೇ ವಾಪಸ್ ಬಂದಿದೆ.

ಪಿಟೀಲು ಅಂದದ್ದಕ್ಕೆ ಸಿಟ್ಟಾಗಬೇಡ. ತೊಟ್ಟಿಲಲ್ಲಿ ನೀನು ರಾಗ ಎಳೆಯುವುದನ್ನು ಕೇಳಲಾರದೆ ಅಪ್ಪ ಇಟ್ಟ ಹೆಸರು. ಅವರು ಹೋದ ಮೇಲೆ ಹಾಗೆ ಕರೆಯುವವರು ಯಾರೂ ಇರಲಿಕ್ಕಿಲ್ಲ. ಹೆಸರು ಬಳಸದೆ ಬಿಟ್ಟರೆ ತುಕ್ಕು ಹಿಡಿಯುತ್ತದೆ ಅಂತ ನಾನು ತೆಗೆದುಕೊಂಡಿದ್ದೇನೆ.

ಮೊದಲು ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನೀನು ಆಸ್ಪತ್ರೆಗೆ ಬಂದು ಹೋದದ್ದರಿಂದ ನನಗೆ ಎಷ್ಟು ಸಂತೋಷವಾಗಿದೆಯೆಂದು ಬರೆಯಲು ಬರುವುದಿಲ್ಲ. ಅಪ್ಪ ತೀರಿಕೊಂಡ ಮೇಲೆ ಈ ಊರಿಗೆ ಕಾಲಿಡದವಳು, ನನ್ನ ಜೊತೆ ಒಂದು ಮಾತೂ ಆಡದವಳು, ನನಗೆ ಪಾರ್ಶ್ವವಾಯು ಬಡಿದಿದೆಯೆಂದು ಕೇಳಿ ಬಂದೆಯಲ್ಲ. ಹೇಳದೆ ಬಂದೆ, ಹೇಳದೆ ಹೋದೆ. ಇರಲಿ, ಬಂದೆ.

ಅವತ್ತು ಸಂಜೆಯ ಬಿಸಿಲು ಮಂಚದ ಕಾಲಿನ ತನಕ ಬಂದಿತ್ತು. ನೀನು ಎಡಗಡೆಯ ಕುರ್ಚಿಯಲ್ಲಿ, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಈಗಲೋ ಆಗಲೋ ಎದ್ದು ಹೋಗುವವಳ ಹಾಗೆ ಕೂತಿದ್ದೆ. ಕೂದಲು ಗಿಡ್ಡ ಮಾಡಿಸಿಕೊಂಡಿದ್ದೆ. ಕತ್ತು ಪೂರ್ತಿ ಕಾಣುತ್ತಿತ್ತು, ಥೇಟ್ ಅಪ್ಪನ ಕತ್ತು. ನಾನು ಏನೇನೋ ಹೇಳುತ್ತಿದ್ದೆ, ನಾಲಿಗೆ ತೊಡರುತ್ತಿತ್ತು. ನೀನು "ಆಯ್ತು ಬಿಡಮ್ಮ" ಅಂದೆ. ಆಮೇಲೆ ನನಗೆ ನಿದ್ದೆ ಬಂತು.

ಮನೆಗೆ ಬಂದಾಗಿನಿಂದ ಆ ಮಾತನ್ನೇ ಹಿಡಿದುಕೊಂಡು ಕೂತಿದ್ದೇನೆ. ನಮ್ಮ ಜನ ಎಲ್ಲದಕ್ಕೂ "ಆಯ್ತು ಬಿಡು" ಅನ್ನುತ್ತಾರೆ. ಹಾಲು ಉಕ್ಕಿ ಹೋದರೂ ಆಯ್ತು ಬಿಡು, ಮಗು ಹಟ ಹಿಡಿದರೂ ಆಯ್ತು ಬಿಡು, ಎದುರಿಗಿರುವವರ ಮಾತು ಸಾಕಾದರೂ ಆಯ್ತು ಬಿಡು, ಹಳೆಯ ಜಗಳ ಮುಗಿಸುವಾಗಲೂ ಅದೇ. ನಾನು ಕೊನೆಯದನ್ನು ಆರಿಸಿಕೊಂಡಿದ್ದೇನೆ. ಮುದುಕಿಗೆ ಅಷ್ಟು ಸ್ವಾತಂತ್ರ್ಯ ಕೊಡು.

ಆ ಜಗಳ ಏನೆಂದು ಇಬ್ಬರಿಗೂ ಗೊತ್ತು. ಆದರೆ ಒಂದು ಸಲವೂ ಎದುರುಬದುರು ಕೂತು ಆಡಲಿಲ್ಲ. ಈಗ ಬರೆದುಬಿಡುತ್ತೇನೆ, ಒಳಗಿದ್ದು ಕೊಳೆಯುವುದಕ್ಕಿಂತ ವಾಸಿ. ಪಾರ್ಶ್ವವಾಯು ಬಡಿದು ಅಪ್ಪ ಬಿದ್ದ ದಿನ ಅವರನ್ನು ನನ್ನ ಆಸ್ಪತ್ರೆಗೇ ತಂದರು. ಮೆದುಳಿಗೆ ರಕ್ತ ನಿಂತಾಗ ಉಳಿದ ಭಾಗವನ್ನು ಕಾಪಾಡುವ ಔಷಧಿಯ ಪರೀಕ್ಷೆ ಅವರನ್ನು ಮಲಗಿಸಿದ ಮಹಡಿಯಲ್ಲೇ ನಡೆಯುತ್ತಿತ್ತು. ಆ ಔಷಧಿಯನ್ನು ಇಲಿಗಳ ಕಾಲದಿಂದ ಸಾಕಿದವಳು ನಾನು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವುದು ನಮ್ಮ ಲ್ಯಾಬಿನಲ್ಲಿ ಗಾದೆಯಲ್ಲ, ದಿನಚರಿ. ಔಷಧಿಯಿಟ್ಟ ಫ್ರಿಜ್ಜಿನ ಕೀ ನನ್ನ ಕೊರಳ ದಾರದಲ್ಲಿತ್ತು. ಪರೀಕ್ಷೆ ನಡೆಸುವವರ ಮನೆಯವರಿಗೆ ಔಷಧಿ ಕೊಡಕೂಡದೆಂಬ ನಿಯಮ ಬರೆದವಳೂ ನಾನೇ. ಕಾರಿಡಾರಿನಲ್ಲಿ ನೀನು ನನ್ನ ಎರಡೂ ತೋಳು ಹಿಡಿದುಕೊಂಡು, "ಕೀ ನಿನ್ನ ಹತ್ರಾನೇ ಇದೆಯಲ್ಲಮ್ಮ, ತೆಗಿ" ಅಂದೆ. ನಾನು ತೆಗೆಯಲಿಲ್ಲ.

ಅಪ್ಪ ಬದುಕಿದರು, ಮಾತು ಹೋಯಿತು. ರೈಲು ನಿಲ್ದಾಣದಲ್ಲಿ ಅನೌನ್ಸ್ ಮಾಡುತ್ತಿದ್ದ ಮನುಷ್ಯ. ಊಟಕ್ಕೆ ಕರೆಯುವಾಗಲೂ "ಪ್ರಯಾಣಿಕರು ದಯವಿಟ್ಟು ಗಮನಿಸಿ, ಪಿಟೀಲು ಎಕ್ಸ್‌ಪ್ರೆಸ್ ಇನ್ನು ಕೆಲವೇ ಕ್ಷಣಗಳಲ್ಲಿ ಅಡುಗೆಮನೆಗೆ ಆಗಮಿಸಲಿದೆ" ಅನ್ನುತ್ತಿದ್ದವರು. ಅವರೇ ನೀರು ಬೇಕಾದಾಗ ಮಂಚಕ್ಕೆ ಲೋಟ ಬಡಿಯುವ ಹಾಗಾಯಿತು. ಸಂಜೆಯ ಪ್ಯಾಸೆಂಜರ್ ಗಾಡಿಗೆ ಮಾತ್ರ ನಿಲ್ದಾಣದವರು ಅವರ ಹಳೆಯ ರೆಕಾರ್ಡಿಂಗನ್ನೇ ಹಾಕುತ್ತಿದ್ದರು. ಆಸ್ಪತ್ರೆಯ ಕಿಟಕಿಯಿಂದ ಅದು ಕೇಳುತ್ತಿತ್ತು. ಅಪ್ಪ ಕತ್ತು ಒಂದು ಕಡೆ ವಾಲಿಸಿ, ಬೇರೆ ಯಾರದೋ ದನಿ ಕೇಳುವ ಹಾಗೆ ತಮ್ಮ ದನಿ ಕೇಳುತ್ತಿದ್ದರು. ನಿನಗೆ ಅದನ್ನು ನೋಡಲಾಗದೆ ಹೊರಗೆ ಹೋಗಿ ನಿಲ್ಲುತ್ತಿದ್ದೆ. ಅವರು ಹೋದ ದಿನ ನನಗೆ ನೀನು ಹೇಳಿದ ಕೊನೆಯ ಮಾತು: "ನಿಂಗೆ ಬೀಗ ಕಾಯೋದಕ್ಕೆ ಬರುತ್ತೆ, ಅಷ್ಟೇ."

ತಪ್ಪೊಪ್ಪಿಗೆಗೆ ಈ ಪತ್ರ ಬರೆಯುತ್ತಿಲ್ಲ. ಆಗ ಆ ಔಷಧಿ ಕಾಯುತ್ತದೋ ಕೊಲ್ಲುತ್ತದೋ ಭೂಮಿಯ ಮೇಲೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗಂಡನ ರಕ್ತಕ್ಕೆ ಸೇರಿಸುವ ಧೈರ್ಯ ನನಗಿರಲಿಲ್ಲ, ಇವತ್ತೂ ಇಲ್ಲ. ಆದರೆ ಈಗ ಅದನ್ನೇ ನನಗೆ ಕೊಟ್ಟರು. ನಿವೃತ್ತಳಾದ ಮೇಲೆ ನಾನು ನಿಯಮದ ಹೊರಗಿನವಳು. ನನಗೆ ಎಚ್ಚರವಿರಲಿಲ್ಲ, ನನ್ನ ತಮ್ಮನೇ, ನಿನ್ನ ಮಾವ, ಸಹಿ ಹಾಕಿದ. ನನ್ನ ಮಾತು ಉಳಿಯಿತು. ಇದು ಔಷಧಿಯ ಗುಣವೋ ನನ್ನ ಆಯುಸ್ಸಿನ ಗಟ್ಟಿತನವೋ, ಒಬ್ಬಳನ್ನು ನೋಡಿ ಹೇಳಲು ಬರುವುದಿಲ್ಲ. ಆದರೂ ಉಳಿಯಿತು. ಆಡಿದ ಪ್ರತಿ ಮಾತಿಗೂ ಅಪ್ಪನ ಲೋಟದ ಸದ್ದು ಹಿಂದೆಯೇ ಕೇಳುತ್ತದೆ, ಪಿಟೀಲು. ಇದನ್ನು ನಿನ್ನೊಬ್ಬಳಿಗೇ ಹೇಳುತ್ತಿದ್ದೇನೆ.

ಕೈ ಸೆಳೆಯುತ್ತಿದೆ. ಉಳಿದದ್ದು ನಾಳೆ.

ಮಂಗಳವಾರ

ನಾಳೆ ಅಂದವಳು ನಿನ್ನೆ ಬರೆಯಲಿಲ್ಲ. ಇವತ್ತು ಬೆಳಿಗ್ಗೆ ತಪಾಸಣೆಗೆ ಆಸ್ಪತ್ರೆಗೆ ಹೋಗಿದ್ದೆ. ಅಲ್ಲಿಂದ ಬಂದು ಈ ಕಾಗದ ತೆಗೆದೆ. ಭಾನುವಾರ ಬರೆದದ್ದನ್ನು ಹರಿದು ಹಾಕೋಣ ಅನ್ನಿಸಿತು. ಹಾಕಲಿಲ್ಲ. ಲ್ಯಾಬಿನಲ್ಲಿ ಬರೆದದ್ದನ್ನು ಅಳಿಸಬಾರದು, ಅದರ ಮುಂದೆ ಹೊಸದನ್ನು ಬರೆಯಬೇಕು. ಹಳೆಯ ಚಾಳಿ ಬಿಡುವುದಿಲ್ಲ.

ನಡೆದದ್ದು ಇಷ್ಟು. ನನ್ನನ್ನು ಈಗ ನೋಡಿಕೊಳ್ಳುತ್ತಿರುವ ಗಡ್ಡದ ಡಾಕ್ಟರು ನನ್ನ ಹಳೆಯ ಶಿಷ್ಯ. ನನಗೆ ಬೆರಳು ಮಡಚಲು ಹೇಳಿ, ನಾಲಿಗೆ ಚಾಚಲು ಹೇಳಿ, ಎಲ್ಲ ಆದ ಮೇಲೆ ಫೈಲು ತಿರುವಿ ನಕ್ಕ.

"ಮೇಡಂ, ಯಾರನ್ನ ಬಿಟ್ರೂ ನಿಮ್ಮನ್ನ ಬಿಡಲ್ಲ ಅದು. ನಿಮಗೂ ನೆಂಟರು ಬಂದಿದ್ರಂತೆ!"

ನಾನೂ ನಕ್ಕೆ. ಕಾರು ಹತ್ತುವವರೆಗೂ ನಗುತ್ತಲೇ ಇದ್ದೆ. ಮಾವನ ಪಕ್ಕ ಕೂತು ಬೆಲ್ಟು ಹಾಕಿಕೊಂಡ ಮೇಲೆ ಆ ಮಾತಿನ ಅರ್ಥ ಹೊಳೆಯಿತು.

ನಿನಗೆ ಇದು ಅರ್ಥವಾಗಬೇಕಾದರೆ ನನ್ನ ಕೆಲಸದ ಕಥೆ ಸ್ವಲ್ಪ ಕೇಳಬೇಕು. ಮುಂಚೆಯಾದರೆ "ಇಲಿ ಪುರಾಣ ಬೇಡಮ್ಮ" ಅಂತ ಎದ್ದು ಓಡುತ್ತಿದ್ದೆ. ಈಗ ಕಾಗದ, ಓಡಿದರೂ ಮೇಜಿನ ಮೇಲೆ ಕಾದಿರುತ್ತದೆ.

ಮೆದುಳಿನ ಒಂದು ಮೂಲೆಗೆ ರಕ್ತ ನಿಂತರೆ ಅಲ್ಲಿನ ಕೋಶಗಳು ಸುಮ್ಮನೆ ಸಾಯುವುದಿಲ್ಲ. ಸಾಯುವಾಗ ಕಿರುಚುತ್ತವೆ. ಕಿರುಚುವುದೆಂದರೆ, ಪಕ್ಕದ ಕೋಶವನ್ನು ಎಬ್ಬಿಸುವ ರಸವನ್ನು ಅಳತೆಯಿಲ್ಲದೆ ಸುರಿಯುತ್ತವೆ. ಪಕ್ಕದ ಕೋಶಕ್ಕೆ ಆ ರಸ ಮುಟ್ಟಿದರೆ ತೆರೆಯುವ ಸಣ್ಣ ಬಾಗಿಲುಗಳಿವೆ. ಎಲ್ಲವೂ ಒಟ್ಟಿಗೆ ತೆರೆದುಕೊಂಡರೆ ಒಳಗೆ ನುಗ್ಗುವ ಪ್ರವಾಹಕ್ಕೆ ಆ ಕೋಶವೂ ಸಾಯುತ್ತದೆ, ಸಾಯುವಾಗ ಅದೂ ಕಿರುಚುತ್ತದೆ. ಹೀಗೆ ಒಂದು ಮನೆಯ ಬೆಂಕಿ ಬೀದಿಗೆ ಹಬ್ಬುತ್ತದೆ. ನಮ್ಮ ಔಷಧಿ ಆ ಬಾಗಿಲು ತೆರೆದಾಗ ಮಾತ್ರ ಒಳಗೆ ಹೊಕ್ಕು ಅಡ್ಡ ನಿಲ್ಲುತ್ತದೆ. ಅದಕ್ಕೊಂದು ಉದ್ದನೆಯ ಹೆಸರಿದೆ, ಒಂದು ನಂಬರಿದೆ. ನಾವು ಲ್ಯಾಬಿನವರು ಅದನ್ನು ಚಿಲಕ ಅನ್ನುತ್ತಿದ್ದೆವು.

ತೊಂದರೆ ಏನೆಂದರೆ, ಸಾವು ನುಗ್ಗುವ ಬಾಗಿಲೂ ಹೊಸ ನೆನಪು ಒಳಗೆ ಬರುವ ಬಾಗಿಲೂ ಒಂದೇ. ಕಣ್ಣು ಕಿವಿಗಳ ಸುದ್ದಿ ಹಾದುಹೋಗುವುದೂ ಅಲ್ಲಿಂದಲೇ. ಚಿಲಕ ಬಿದ್ದಷ್ಟು ಹೊತ್ತು ಹೊರಗಿನ ಸುದ್ದಿ ಅರ್ಧಂಬರ್ಧ ಬರುತ್ತದೆ. ಆಗ ಮೆದುಳು ಸುಮ್ಮನೆ ಕೂರುವ ಜಾತಿಯದಲ್ಲ. ಹೊರಗಿನವರು ಬರದಿದ್ದರೆ ಒಳಗಿರುವವರನ್ನೇ ಕರೆದು ಕೂರಿಸುತ್ತದೆ.

ಮೊದಲು ಗೊತ್ತಾದದ್ದು ಒಬ್ಬ ಟೈಲರ್‌ನಿಂದ. ವಯಸ್ಸಾದ ಮನುಷ್ಯ, ಮಲಗಿದ್ದಲ್ಲಿಂದಲೇ ನನ್ನ ಕೋಟಿನ ಹೊಲಿಗೆಗೆ ತಪ್ಪು ಹುಡುಕುತ್ತಿದ್ದ. ಒಂದು ದಿನ ನಾನು ರೌಂಡ್ಸಿಗೆ ಹೋದಾಗ ಅವನ ಹೆಂಡತಿ ಪಕ್ಕದಲ್ಲಿ ಕೂತಿದ್ದಳು. ಅವನು ಅವಳಿಗೆ, "ಸ್ವಲ್ಪ ಸರಿದು ಕೂತ್ಕೊಳ್ಳೇ, ಅಣ್ಣ ಎಷ್ಟೊತ್ತು ನಿಂತ್ಕೊಂಡಿರ್ತಾನೆ" ಅಂದ. ಅಣ್ಣ ಸತ್ತು ಬಹಳ ಕಾಲವಾಗಿತ್ತು. ಹೆಂಡತಿ ನನ್ನ ಮುಖ ನೋಡಿದಳು. ಅವನು ನನ್ನ ಕಡೆ ತಿರುಗಿ, "ಮೇಡಂ, ನೆಂಟರು ಬಂದಿದ್ದಾರೆ, ಒಂದು ಕುರ್ಚಿ ಹಾಕ್ಸಿ" ಅಂದ. ಔಷಧಿ ನಿಲ್ಲಿಸಿದ ಮೇಲೆ ಅವನು ಅತ್ತ. "ಹೊರಟೇಹೋದ ಮೇಡಂ, ಹೋಗ್ತೀನಿ ಅಂತಾನೂ ಹೇಳ್ಲಿಲ್ಲ" ಅಂದ.

ಅವತ್ತಿನಿಂದ ನಮ್ಮ ವಾರ್ಡಿನ ಭಾಷೆಯಲ್ಲಿ ಅದಕ್ಕೆ ನೆಂಟರು ಅಂತಲೇ ಹೆಸರು. ಹೆಸರು ಚಾಲ್ತಿಗೆ ತಂದವಳು ನಾನು. ರೌಂಡ್ಸಿನಲ್ಲಿ ಎಲ್ಲರೂ ಕೇಳುವುದು ಹಾಗೆಯೇ: "ಏನಜ್ಜ, ನೆಂಟರು ಬಂದ್ರಾ?" ಬಂದರು ಅಂದರೆ ಫೈಲಿನಲ್ಲಿ ಒಂದು ಗುರುತು. ಕಂಪನಿಯವರಿಗೆ ಕಳಿಸುವ ವರದಿಯಲ್ಲಿ ನಾನು ಅದನ್ನು "ತಾತ್ಕಾಲಿಕ, ಹಾನಿಯಿಲ್ಲ" ಎಂದು ಬರೆದೆ. ಆ ಟೈಲರ್ ಅತ್ತದ್ದನ್ನು ಯಾವ ಕಾಲಮಿನಲ್ಲಿ ಹಾಕುವುದೆಂದು ತಿಳಿಯಲಿಲ್ಲ.

ಈಗ ಗೊತ್ತಾಯಿತೇ? ಸಂಜೆಯ ನರ್ಸು ಮಾರನೆಯ ಬೆಳಿಗ್ಗೆಯ ನರ್ಸಿಗೆ, "ಕಿಟಕಿ ಪಕ್ಕದ ಮೇಡಂಗೆ ನೆಂಟರು ಬಂದಿದ್ರು" ಅಂತ ಹೇಳಿ ಹೋಗಿದ್ದಾಳೆ. ಬೆಳಿಗ್ಗೆಯವಳು ವಾರ್ಡಿನ ಹಳಬಳು, ಕಣ್ಣು ಮುಚ್ಚಿಕೊಂಡು ಔಷಧಿಯ ನೆಂಟರೆಂದು ಗುರುತು ಹಾಕಿದ್ದಾಳೆ. ನಾನೇ ಕಲಿಸಿದ ಭಾಷೆ. ತಾನು ಹೆಣೆದ ಬಲೆಗೆ ತಾನೇ ಬೀಳುವುದೆಂದರೆ ಇದೇ.

ಇದನ್ನೆಲ್ಲ ಮಾವನಿಗೆ ಕಾರಿನಲ್ಲೇ ಹೇಳಿದೆ.

"ಅವಳು ಬಂದಿರ್ತಾಳೆ ಬಿಡಕ್ಕ" ಅಂದ.

"ನೀನು ನೋಡಿದ್ಯಾ?"

"ನಾನು ಕಾಫಿಗೆ ಕೆಳಗೆ ಹೋಗಿದ್ದೆನಲ್ಲ ಅವತ್ತು."

"ನೀನು ಅವಳಿಗೆ ಫೋನ್ ಮಾಡಿದಾಗ ಏನಂದ್ಲು?"

"ಅವಳೆಲ್ಲಿ ಸಿಕ್ಕಿದ್ಲು. ಅವಳ ಜೊತೆ ಮನೆ ಹಂಚಿಕೊಂಡಿರೋ ಹುಡುಗಿ ತಗೊಂಡ್ಲು. ಹೇಳ್ತೀನಿ ಅಂದ್ಲು."

"ಕೂದಲು ಗಿಡ್ಡ ಮಾಡಿಸಿಕೊಂಡಿದ್ಲು ಕಣೋ. ಅದು ನನಗೆ ಹೇಗೆ ಗೊತ್ತಾಗಬೇಕು, ನೋಡದೆ?" ಅಂದೆ. ಆ ಕೂದಲನ್ನು ಸಾಕ್ಷಿಯ ಹಾಗೆ ಹಿಡಿದುಕೊಂಡಿದ್ದೆ, ಪಿಟೀಲು. ಒಳಗಿರುವವರನ್ನು ಕರೆದು ಕೂರಿಸುವ ಮೆದುಳು ನಿನ್ನನ್ನು ಕರೆದಿದ್ದರೆ ಉದ್ದ ಜಡೆಯ ನಿನ್ನನ್ನೇ ಕರೆಯಬೇಕಿತ್ತು, ಅಲ್ಲವೇ?

ಮಾವ ಸಿಗ್ನಲ್ಲಿನಲ್ಲಿ ಕಾರು ನಿಲ್ಲಿಸಿ, ನನ್ನ ಕಡೆ ನೋಡದೆ, "ಹೋದ ವರ್ಷ ನಾನೇ ಅವಳ ಗಿಡ್ಡ ಕೂದಲಿನ ಫೋಟೋ ತೋರಿಸಿದ್ದೆ ಅಕ್ಕ. ಮರೆತುಬಿಟ್ಯಾ? ನೀನು ಕನ್ನಡಕ ಹಾಕ್ಕೊಂಡು, ತೆಗೆದು, ಮತ್ತೆ ಹಾಕ್ಕೊಂಡು ನೋಡಿದ್ದೆ" ಅಂದ.

ನೆನಪಾಯಿತು. ಹಸಿರು ದೀಪ ಬಂದರೂ ಅವನು ಕಾರು ಬಿಡಲಿಲ್ಲ. ಹಿಂದಿನವರು ಹಾರನ್ ಹಾಕಿದರು.

ಇನ್ನೊಂದು ಸಾಕ್ಷಿಯೂ ಇತ್ತು, ಲೋಟ. ಎಚ್ಚರವಾದಾಗ ನನ್ನ ಮೇಜಿನ ಮೇಲೆ ಲೋಟ ಬೋರಲು ಹಾಕಿತ್ತು. ನೀರು ಕುಡಿದ ಮೇಲೆ ಲೋಟ ಬೋರಲು ಹಾಕುವುದು ನಿನ್ನ ಅಭ್ಯಾಸ. ಖಾತ್ರಿ ಮಾಡಿಕೊಳ್ಳೋಣವೆಂದು ಮಧ್ಯಾಹ್ನ ವಾರ್ಡಿನ ಆಯಾಗೆ ಫೋನ್ ಮಾಡಿ ಕೇಳಿದೆ. "ಧೂಳು ಬೀಳತ್ತಲ್ಲ ಅಮ್ಮಾ, ಎಲ್ಲರದ್ದೂ ನಾನೇ ಬೋರಲು ಹಾಕ್ತೀನಿ" ಅಂದಳು. ಗೇಟಿನವನನ್ನು ವಿಚಾರಿಸಿದರೆ, "ಸಂಜೆ ಹೊತ್ತು ಇಲ್ಲಿ ಸಂತೆ ಮೇಡಂ, ಯಾರ ಮುಖ ಅಂತ ನೆನಪಿಟ್ಕೊಳ್ಲಿ" ಅಂದ. ನ್ಯಾಯವೇ.

ನಿನಗೇ ಫೋನ್ ಮಾಡಿ ಕೇಳಬಹುದಲ್ಲ ಅಂತ ಮಾವ ಗೊಣಗುತ್ತಾನೆ. ನಂಬರು ಬರೆದು ಫ್ರಿಜ್ಜಿಗೆ ಅಂಟಿಸಿದ್ದಾನೆ. ಧೈರ್ಯವಿಲ್ಲ. ಫೋನಿನಲ್ಲಿ ನೀನು "ಇಲ್ಲ" ಅಂದರೆ ಅದಾದ ಮೇಲೆ ಬರುವ ಮೌನವನ್ನು ಇಬ್ಬರೂ ಹಿಡಿದುಕೊಂಡು ನಿಲ್ಲಬೇಕಾಗುತ್ತದೆ. ಕಾಗದದಲ್ಲಾದರೆ ಒಬ್ಬಳೇ ಓದಿ ಒಬ್ಬಳೇ ಮಡಚಿಡಬಹುದು.

ಶುಕ್ರವಾರ

ಕೊನೆಗೂ ಆ ಸಂಜೆಯ ನರ್ಸು ಸಿಕ್ಕಿದಳು. ಅವಳು ನಮ್ಮ ವಾರ್ಡಿನವಳೇ ಅಲ್ಲ. ಮಕ್ಕಳ ವಾರ್ಡಿನಿಂದ ಆ ವಾರ ಮಾತ್ರ ಬದಲಿಗೆ ಬಂದವಳು. ಇದು ಗೊತ್ತಾದಾಗ ಪ್ರಾಣ ಬಂದ ಹಾಗಾಯಿತು ನೋಡು! ಬೇರೆ ವಾರ್ಡಿನವಳಿಗೆ ನಮ್ಮ ಭಾಷೆ ಗೊತ್ತಿರುವುದಿಲ್ಲ. ಅವಳ ಬಾಯಲ್ಲಿ ನೆಂಟರು ಅಂದರೆ ನೆಂಟರೇ. ಕಾಲಿರುವ, ಚಪ್ಪಲಿ ಹಾಕುವ, ಗೇಟಿನಿಂದ ಬರುವ ನೆಂಟರು.

ಗಡ್ಡದ ಡಾಕ್ಟರನ್ನು ಕಾಡಿ ಬೇಡಿ ನಂಬರು ತೆಗೆದುಕೊಂಡೆ. ಅವನು ಮೊದಲು "ಇದೆಲ್ಲ ಯಾಕೆ ಮೇಡಂ" ಅಂದ. ಅವನಿಗೂ ನಮ್ಮ ಮನೆಯ ಕಥೆ ಗೊತ್ತು, ಆ ಕಾರಿಡಾರಿನಲ್ಲಿ ಅವನೂ ಇದ್ದ. ಕೊನೆಗೆ ನಂಬರು ಹೇಳಿದ.

ನರ್ಸು ಅಡುಗೆ ಮಾಡುತ್ತಿದ್ದಳು ಅಂತ ಕಾಣುತ್ತದೆ, ಹಿಂದೆ ಪಾತ್ರೆ ಸದ್ದು. ನಾನು ಯಾರೆಂದು ಹೇಳಿದೆ.

"ಹೌದು ಮೇಡಂ, ನೆಂಟರು ಬಂದಿದ್ರು."

"ನೀನು ಕಣ್ಣಾರೆ ನೋಡಿದ್ಯಾ ಮಗಳೇ?"

"ಅಯ್ಯೋ ಇಲ್ಲ ಮೇಡಂ, ನಾನು ಬಂದಾಗ ನೀವೊಬ್ಬರೇ ಇದ್ರಿ. ಮುಖ ಎಷ್ಟು ಗೆಲುವಾಗಿತ್ತು ಅಂತೀರಾ! ನೆಂಟರು ಬಂದಿದ್ರು ಅಂತ ನೀವೇ ಹೇಳಿದ್ರಲ್ಲ."

ನಾನೇ ಹೇಳಿದ್ದೆ. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು, ಅದೂ ನನ್ನದೇ ಲ್ಯಾಬಿನ ಇಲಿ. ನಾನು ಹೇಳಿದ್ದನ್ನೇ ಅವಳು ಹೇಳಿದಳು, ಅವಳು ಹೇಳಿದ್ದನ್ನೇ ಇನ್ನೊಬ್ಬಳು ಬರೆದಳು, ಅವಳು ಬರೆದದ್ದನ್ನೇ ಡಾಕ್ಟರು ನನಗೆ ಓದಿ ಹೇಳಿದ. ನಡುವೆ ನೀನೆಲ್ಲೂ ಇಲ್ಲ. ನಾನು ಯಾವ ಅರ್ಥದಲ್ಲಿ ಆ ಮಾತು ಆಡಿದೆ? ಮಗಳು ಬಂದಳೆಂದು ಹೇಳಿಕೊಳ್ಳುವ ತಾಯಿಯಾಗಿಯೋ, ಔಷಧಿಯ ಗುಣ ದಾಖಲಿಸುವ ಕೆಲಸದವಳಾಗಿಯೋ? ನನಗೆ ಗೊತ್ತಿಲ್ಲ. ಸ್ವಂತ ಮಗಳನ್ನು ನಾನು ನೆಂಟರು ಅನ್ನುತ್ತೇನೆಯೇ? ಇಷ್ಟು ವರ್ಷ ಬಾರದವಳನ್ನು ಅನ್ನಲೂಬಹುದು.

ಫೋನ್ ಇಡುವ ಮುಂಚೆ ಆ ನರ್ಸು ಇನ್ನೊಂದು ಮಾತು ಹೇಳಿದಳು. "ನಿಮ್ಮ ಮಂಚದ ಪಕ್ಕ ಎರಡು ಕುರ್ಚಿ ಹಾಕಿತ್ತು ಮೇಡಂ. ಓಡಾಡೋಕೆ ಅಡ್ಡ ಆಗುತ್ತೆ ಅಂತ ಒಂದನ್ನ ನಾನೇ ತೆಗೆದಿಟ್ಟೆ."

ಒಂದು ಮಂಚಕ್ಕೆ ಒಂದೇ ಕುರ್ಚಿ ಆ ವಾರ್ಡಿನ ನಿಯಮ. ನನಗೆ ಆಗ ತಲೆ ಎತ್ತಲೂ ಆಗುತ್ತಿರಲಿಲ್ಲ, ಕುರ್ಚಿ ಎಳೆಯುವುದು ದೂರದ ಮಾತು. ಪಕ್ಕದ ಹಾಸಿಗೆಯ ಕಡೆಯವರು ಎಳೆದು ತಂದು ಬಿಟ್ಟಿರಬಹುದು. ಹಾಗೇ ಇರಬೇಕು. ಆದರೂ ಆ ಎರಡನೆಯ ಕುರ್ಚಿ ಬೆಳಿಗ್ಗೆಯಿಂದ ನನ್ನ ತಲೆಯೊಳಗೆ ಅತ್ತಿತ್ತ ಓಡಾಡುತ್ತಿದೆ.

ಮನೆಯ ಸುದ್ದಿ ಏನೂ ಬರೆಯಲಿಲ್ಲ, ನೋಡು. ನಿನ್ನ ಕೋಣೆಯ ಫ್ಯಾನು ಇನ್ನೂ ಹಳೆಯ ಹಾಗೆ ಟಕಟಕ ಅನ್ನುತ್ತದೆ. ಮಾವ ಅದನ್ನು ರಿಪೇರಿ ಮಾಡುತ್ತೇನೆಂದು ಏರಿ, ಇದ್ದ ಒಂದು ಸ್ಪೀಡನ್ನೂ ಹಾಳು ಮಾಡಿದ್ದಾನೆ. ಕಿತ್ತಳೆ ಹಣ್ಣು ತಂದು ಸುಲಿದು ಕೊಡುತ್ತಾನೆ, ನಾರು ತೆಗೆಯುವುದಿಲ್ಲ. ಅಪ್ಪನ ಕೋಟು ಬಾಗಿಲ ಹಿಂದೆ ಅಲ್ಲೇ ಇದೆ. ಆಸ್ಪತ್ರೆಯಿಂದ ಬಂದ ಮೇಲೆ ದಿನಾ ಸಂಜೆ ಅದರ ಎದುರು ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಚಿಲಕ ರಕ್ತದಿಂದ ಇಳಿದು ಯಾವತ್ತೋ ಹೋಗಿದೆ, ಯಾರೂ ಬರುತ್ತಿಲ್ಲ. ಯಾರಾದರೂ ಬಂದಾರೆಂದು ನಮ್ಮ ರೋಗಿಗಳು ಹೆದರುತ್ತಾರೆಂದೇ ನಾನು ತಿಳಿದಿದ್ದೆ. ಯಾರೂ ಬಾರದಿರುವುದೇ ಹೆಚ್ಚಿನ ಹೆದರಿಕೆಯೆಂದು ಆ ಟೈಲರ್‌ಗೆ ಗೊತ್ತಿತ್ತು.

ನೀನು ಬಂದಿರಲಿ, ಬಾರದೇ ಇರಲಿ, ನನ್ನ ಆಶೀರ್ವಾದಕ್ಕೆ ಅದು ಷರತ್ತಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು. ತಲೆಗೆ ಬಿಸಿಲು ಬೀಳದ ಹಾಗೆ ನೋಡಿಕೋ, ಗಿಡ್ಡ ಕೂದಲಿಗೆ ಕತ್ತು ಸುಡುತ್ತದೆ. ನಿನ್ನ ಜೊತೆಯಿರುವ ಹುಡುಗಿಗೂ ನನ್ನ ಧನ್ಯವಾದ ತಿಳಿಸು, ಸುದ್ದಿ ಮುಟ್ಟಿಸುತ್ತೇನೆಂದು ಒಪ್ಪಿಕೊಂಡಿದ್ದಕ್ಕೆ. ನೂರು ಕಾಲ ಬಾಳು, ನಿನ್ನ ನಾಲಿಗೆಯ ಹರಿತ ಹಾಗೇ ಇರಲಿ, ಅದನ್ನು ತೋರಿಸಲು ನಾನಿನ್ನೂ ಇದ್ದೇನೆ.

ಇಂತಿ,
ನಿನ್ನ ಅಮ್ಮ

ತಾ.ಕ. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಭಾನುವಾರದಿಂದ ಒಂದು ವಿಷಯ ಬರೆಯದೆ ತಪ್ಪಿಸಿಕೊಳ್ಳುತ್ತಿದ್ದೇನೆ. ಅದನ್ನು ಬರೆದರೆ ನೀನು ಬಂದಿರಲಿಲ್ಲವೆಂದು ನಾನೇ ಸಾಬೀತು ಮಾಡಿದ ಹಾಗೆ ಎಂದು ಭಯ.

ಅವತ್ತು ನೀನೊಬ್ಬಳೇ ಬಂದಿರಲಿಲ್ಲ. ನಿನ್ನ ಹಿಂದೆ ಅಪ್ಪ ನಿಂತಿದ್ದರು, ಆ ಕೋಟು ಹಾಕಿಕೊಂಡು. ಸಂಜೆಯ ಪ್ಯಾಸೆಂಜರ್ ಬರುವ ಹೊತ್ತು, ಹೊರಗೆ ಅವರ ದನಿ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಹೇಳುತ್ತಿತ್ತು, ಇಲ್ಲಿ ಅವರು ಬಾಯಿ ಮುಚ್ಚಿಕೊಂಡು ಕತ್ತು ವಾಲಿಸಿ ಕೇಳುತ್ತಿದ್ದರು. ನನ್ನ ಔಷಧಿ ಅವರನ್ನು ಕರೆದು ತಂದಿತು, ಮಾತು ತಂದುಕೊಡಲಿಲ್ಲ. ನಾನು ನಿನಗೆ, "ಅಪ್ಪ ನಿಂತೇ ಇದ್ದಾರೆ ಪುಟ್ಟ, ಅವರಿಗೆ ಕುರ್ಚಿ ಕೊಡು" ಅಂದೆ. ನೀನು ಆಯ್ತು ಬಿಡಮ್ಮ ಅಂದದ್ದು ಅದಕ್ಕೆ. ಜಗಳಕ್ಕಲ್ಲ, ಕ್ಷಮೆಗೂ ಅಲ್ಲ. ಅಂದು, ಎದ್ದು ಹೋಗಿ, ಇನ್ನೊಂದು ಕುರ್ಚಿ ಎಳೆದು ತಂದು ನಿನ್ನ ಪಕ್ಕ ಹಾಕಿದೆ. ಕುರ್ಚಿಯ ಕಾಲು ನೆಲಕ್ಕೆ ಉಜ್ಜಿದ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಅಪ್ಪ ಕೂತರು.

ಟೈಲರ್‌ನ ಕಥೆಯನ್ನೇ ನನ್ನ ಮೆದುಳು ಕದ್ದು ನನಗೆ ತೋರಿಸಿರಬಹುದು, ಅದು ನನಗೂ ಗೊತ್ತು. ಆದರೆ ಆ ಟೈಲರ್‌ನ ಪಕ್ಕದಲ್ಲಿ ಅಣ್ಣ ಇರಲಿಲ್ಲ, ಹೆಂಡತಿ ಮಾತ್ರ ನಿಜಕ್ಕೂ ಇದ್ದಳು. ಇಬ್ಬರೂ ಅವನಿಗೆ ಒಂದೇ ಸಮ ಕಂಡರು.

ನನಗೆ ಕ್ಷಮೆ ಬೇಡ, ಪಿಟೀಲು. ಇಷ್ಟೇ ಬರೆದು ಕಳಿಸು: ಆ ಕುರ್ಚಿ ಎಳೆದವಳು ನೀನೇ ತಾನೇ?